ಇಲಿ ಕಡಿದ ಹಾರ್ಮೋನಿಯಂ

ಬೆಲೆ ಇಳಿಸುವುದಕ್ಕೆ ನಮ್ಮ ಹುಬ್ಬಳ್ಳಿಯಲ್ಲಿ ಒಂದು ಮಾತಿತ್ತು. ಸೋಸಿ? ಸೋಗಿ? ಹಾಂ, ಸೋಡಿ. ನಾಗಪುರಕ್ಕೆ ಬಂದು ಮೂವತ್ತು ವರ್ಷವಾಯಿತು, ನಾಲಿಗೆಗೆ ಬೇಗ ಬರುವುದಿಲ್ಲ, ಪುಟ್ಟೀ.

ಹುಬ್ಬಳ್ಳಿಯ ವಾದ್ಯದ ಅಂಗಡಿಗೆ ಒಂದು ದಿನ ಕೀಬೋರ್ಡ್ ಕಂಪನಿಯ ಸಾಹೇಬ ಬಂದು ಕೂತ. "ಕಂಪನಿ ಕಟ್ಟಿದ ಬೆಲೆಗಿಂತ ಒಂದು ರೂಪಾಯಿ ಇಳಿಸಿದರೂ ನಿಮ್ಮ ಏಜೆನ್ಸಿ ರದ್ದು!" ಎಂದ. ಯಜಮಾನರು ಬೆವರಿದರು.

ಆಗಲೇ ಸಂಗೀತ ಕಲಿಸುವ ಗಿರಿಜಕ್ಕೋರು ಬರಬೇಕೆ? ಶಾಲೆಯ ಹಾರ್ಮೋನಿಯಂ ಇಲಿ ಕಡಿದು ಹಾಳಾಗಿತ್ತು. ಮಕ್ಕಳು ವಾರದಿಂದ ಶ್ರುತಿಯಿಲ್ಲದೆ ಹಾಡುತ್ತಿದ್ದರು. ಕೂಡಿಸಿದ ವಂತಿಗೆ ಕೀಬೋರ್ಡಿನ ಬೆಲೆಗೆ ಐನೂರು ಕಡಿಮೆಯಿತ್ತು.

"ಐನೂರು ಸೋಡಿ ಬಿಡೋ ತಮ್ಮಾ," ಎಂದು ಇದನ್ನೆಲ್ಲ ಹೇಳಿ ಅಂಗಡಿಯ ಗುಮಾಸ್ತನನ್ನು ಕೇಳಿದರು.

"ಬೆಲಿ ಇಳಸಂಗಿಲ್ರೀ ಅಕ್ಕೋರ. ಆ ಹಳೇ ಹಾರ್ಮೋನಿಯಂ ನಾಳೆ ಕಳಸ್ರಿ. ಐನೂರಕ್ಕ ನಾವು ಕೊಳ್ತೀವಿ."

ಯಜಮಾನರು ಖುಷಿಯಿಂದ ತಲೆಯಾಡಿಸಿದರು. ಸಾಹೇಬ ಎದ್ದು ನಿಂತ. "ಇಲಿ ಕಡಿದ ಪೆಟ್ಟಿಗೆಗೆ ಐನೂರೇ?"

"ಕೀಬೋರ್ಡು ಪೂರಾ ಬೆಲಿಗೇ ಮಾರೀವ್ರೀ ಸಾಹೇಬ್ರ. ಹಳೇ ಹಾರ್ಮೋನಿಯಮ್ಮಿಗೂ ನಿಮ್ಮ ಕಂಪನಿ ರೇಟು ಕಟ್ಟೇತೇನು?" ಎಂದ ಗುಮಾಸ್ತ.

ಸಾಹೇಬ ನಿಯಮದ ಪುಸ್ತಕವನ್ನು ಎರಡು ಸಲ ತಿರುವಿದ. ಹಾರ್ಮೋನಿಯಮ್ಮಿನ ಸುದ್ದಿ ಎಲ್ಲಿಯೂ ಇರಲಿಲ್ಲ. ಅಕ್ಕೋರು ಕೀಬೋರ್ಡನ್ನು ಮಗುವಿನಂತೆ ಎದೆಗವಚಿಕೊಂಡು ಹೋದರು.

ಆಮೇಲೆ ಸಾಹೇಬ ಗುಮಾಸ್ತನ ಹತ್ತಿರ ಸರಿದು ಮೆಲ್ಲಗೆ ಕೇಳಿದ: "ನನ್ನ ಮಗಳಿಗೂ ಒಂದು ಕೀಬೋರ್ಡ್ ಬೇಕು. ಕಂಪನಿ ನಮಗೂ ಇಳಿಸಿ ಕೊಡುವುದಿಲ್ಲ. ಮನೆಯಲ್ಲಿ ಹಾರ್ಮೋನಿಯಂ ಇಲ್ಲ, ಒಡೆದ ತಬಲಾ ಇದೆ. ನಡೆಯುತ್ತದೆಯೇ?"

ಪುಟ್ಟೀ, ನಕ್ಕಿದ್ದು ಸಾಕು, ನಾನು ಮರೆಯುವ ಮುಂಚೆ ಈ ಕಥೆ ಬರೆದಿಡು.