ಕೆಂಬೇರಿಯ ತುಟಿಯ ಗಾಯ

"ಅವ್ವಾ, ಕಳ್ಳನ ಹೆಜ್ಜೆ ಕಣ್ಣಿಗೆ ಬಿದ್ದ ಮೇಲೂ ಅವನನ್ನು ಮಠದಲ್ಲಿ ಇಟ್ಟುಕೊಳ್ಳಬೇಕೇ?" ಎಂದು ಅಡಿವೆಪ್ಪ ಕೇಳಿದ.

ಮಠದ ಉಗ್ರಾಣದ ಉಸ್ತುವಾರಿ ಅವನದು. ಈಚೆಗೆ ಹೊಸಬನೊಬ್ಬ ಬಂದು ಸೇರಿದ್ದ. ಹಿಂದೆ ಮುಂದೆ ಯಾರೂ ಇಲ್ಲದವನು. ಅವನು ಬಂದಂದಿನಿಂದ ಬೆಲ್ಲದ ಪೆಂಟೆಗಳು ಕರಗುತ್ತಿವೆ ಎಂದು ಅಡಿವೆಪ್ಪನಿಗೆ ಅನುಮಾನ. ಹಿಂದಿನ ಸಂಜೆ ಅಡಿವೆಪ್ಪ ಉಗ್ರಾಣದ ಹೊಸ್ತಿಲ ಒಳಗೆ ಜೋಳದ ಹಿಟ್ಟು ಚೆಲ್ಲಿ, ಬೇಕೆಂದೇ ಬೀಗ ಹಾಕದೆ ಹೋಗಿದ್ದ. ಬೆಳಗ್ಗೆ ನೋಡಿದರೆ ಹಿಟ್ಟಿನಲ್ಲಿ ಬರಿಗಾಲಿನ ಗುರುತು. ಒಂದೇ ಹೆಜ್ಜೆ, ಹೊರಗೆ ಮುಖ ಮಾಡಿದ್ದು. ಕದ್ದುಕೊಂಡು ಹೊರಬಂದವನ ಹೆಜ್ಜೆ ಅದು, ಇಂದೇ ಅವನನ್ನು ಕಳಿಸಿಬಿಡಬೇಕು ಎಂಬುದು ಅಡಿವೆಪ್ಪನ ವಾದ.

ಮಠವನ್ನು ನಡೆಸುವ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಹುಟ್ಟಿದ್ದು ಕಡಲ ಕರೆಯಲ್ಲಿ. ಈ ಬಯಲುಸೀಮೆಗೆ ಬಂದು ಬಹುಕಾಲವಾಗಿತ್ತು. "ಮೀನಿನ ಮಾತು ಮಠದಲ್ಲಿ ಆಡಬಾರದು. ಆದರೂ ಕೇಳು" ಎಂದು ಹೇಳತೊಡಗಿದಳು.

ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಒಬ್ಬ ಮೀನುಗಾರನಿದ್ದ. ಅವನು ಗಾಳಕ್ಕೆ ಸಿಗಡಿ ಚುಚ್ಚುವವನಲ್ಲ. ಹಾಲುವಾಣದ ಹಗುರ ಮರದಲ್ಲಿ ಬೆರಳುದ್ದದ ಮೀನು ಕೆತ್ತಿ, ಬಣ್ಣ ಬಳಿದು, ಹೊಟ್ಟೆಗೆ ಗಾಳ ಕಟ್ಟಿ, ನೀರಿಗೆಸೆದು ಎಳೆಯುತ್ತಿದ್ದ. ಜನ ಅದನ್ನು ಸುಳ್ಳುಮೀನು ಎನ್ನುತ್ತಿದ್ದರು. ಎಳೆಯುವುದಕ್ಕೂ ಒಂದು ಹದವಿತ್ತು. ನೆಟ್ಟಗೆ ಓಡಿದರೆ ದೊಡ್ಡ ಮೀನು ತಿರುಗಿಯೂ ನೋಡದು. ಗಾಯವಾದ ಮರಿಯ ಹಾಗೆ ಕುಂಟಬೇಕು.

ಅವನ ಹೆಂಡತಿಯ ತಮ್ಮ ದೋಣಿಯ ಹಿಂಬದಿಯಲ್ಲಿ ನಿಂತು ಉದ್ದನೆಯ ಗಳ ಊರಿ, ಸೆಳೆತದಲ್ಲೂ ದೋಣಿ ಅಲುಗದಂತೆ ಹಿಡಿಯುತ್ತಿದ್ದ. ಗಾಳ ಇವನದು, ಗಳ ಅವನದು. ಒಂದಿಲ್ಲದೆ ಇನ್ನೊಂದಕ್ಕೆ ಬೆಲೆಯಿರಲಿಲ್ಲ.

ಹಳೆಯ ಸೇತುವೆಯ ಬುಡದ ಕಲ್ಲುಗಳ ಸಂದಿಯಲ್ಲಿ ಕೆಂಬೇರಿ ಎಂಬ ಕೆಂಪು ಮೀನು ಇರುತ್ತಿತ್ತು. ಆ ಜಾಗ ಗೊತ್ತಿದ್ದದ್ದು ಇವರಿಬ್ಬರಿಗೇ. ಹೊಟ್ಟೆ ತುಂಬಿದ ಕೆಂಬೇರಿ ಏನನ್ನೂ ತಿನ್ನದು. ಮೀನುಗಾರ ಅದರ ಬಾಗಿಲ ಮುಂದೆ ಸುಳ್ಳುಮೀನನ್ನು ಮತ್ತೆ ಮತ್ತೆ ಕುಂಟಿಸುತ್ತಿದ್ದ. ಯಾರಿವನು, ನನ್ನ ಮನೆಯ ಮುಂದೆ ಏನು ಕೆಲಸ ಎಂದು ಅದು ಹೊರಗೆ ಬರುತ್ತಿತ್ತು. ಮೀನಿಗೆ ಕೈಯಿಲ್ಲ, ಪರೀಕ್ಷಿಸುವುದಾದರೂ ಬಾಯಿಂದಲೇ ಪರೀಕ್ಷಿಸಬೇಕು.

"ಹಸಿದ ಮೀನು ಒಮ್ಮೊಮ್ಮೆ ತಪ್ಪಿಸಿಕೊಂಡೀತು, ಅನುಮಾನದ ಮೀನು ಎಲ್ಲಿಗೆ ಹೋದೀತು" ಎಂದು ಮೀನುಗಾರ ನಗುತ್ತಿದ್ದ.

ಒಂದು ದಿನ ದೊಡ್ಡ ಕೆಂಬೇರಿಯೊಂದು ಕಚ್ಚಿತು. ದಾರ ಕಲ್ಲಿಗೆ ಉಜ್ಜಿ ತುಂಡಾಯಿತು. ಮೀನೂ ಹೋಯಿತು, ಅವನ ಅಚ್ಚುಮೆಚ್ಚಿನ ಸುಳ್ಳುಮೀನೂ ಹೋಯಿತು. ದೋಣಿಯನ್ನು ಹಿಂದೆ ನೂಕಲು ತಡಮಾಡಿದೆ ಎಂದು ಅವನು ಭಾವಮೈದುನನನ್ನು ಬಯ್ದ. ಭಾವಮೈದುನ ತಲೆ ತಗ್ಗಿಸಿದ.

ಕೆಲವು ದಿನಗಳ ಮೇಲೆ ಮೀನುಪೇಟೆಯಲ್ಲಿ ಒಬ್ಬಳ ಬುಟ್ಟಿಯಲ್ಲಿ ಕೆಂಬೇರಿ ಕಂಡಿತು. ಮೀನುಗಾರ ಅದರ ಬಾಯಿ ಬಿಡಿಸಿ ನೋಡಿದ. ಸಿಗಡಿ ನುಂಗಿದ ಮೀನಿಗೆ ಗಾಳ ಗಂಟಲಲ್ಲಿ ನಾಟುತ್ತದೆ. ಇದಕ್ಕೆ ಗಾಯ ತುಟಿಯಂಚಿನಲ್ಲಿತ್ತು. ಸುಳ್ಳುಮೀನಿಗೆ ಸಿಕ್ಕಿದ್ದೇ ಸರಿ. ಆ ವಿದ್ಯೆ ಹತ್ತಿರದಿಂದ ಕಂಡವನು ಒಬ್ಬನೇ. ಮೊನ್ನೆ ತಲೆ ತಗ್ಗಿಸಿದ್ದು ಏಕೆಂದು ಈಗ ತಿಳಿಯಿತು ಎಂದುಕೊಂಡ. ದಿನವಿಡೀ ಸುಳ್ಳನ್ನು ನಿಜದ ಹಾಗೆ ಓಡಿಸುವವನು, ಎದುರಿಗೆ ನಿಜವೇ ಓಡಾಡಿದರೂ ದಾರ ಎಲ್ಲಿದೆ ಎಂದು ಹುಡುಕುತ್ತಾನೆ.

ಅಡಿವೆಪ್ಪ ನಡುವೆ ಬಾಯಿ ಹಾಕಿದ. "ಅದು ತಪ್ಪಿಸಿಕೊಂಡ ಮೀನೇ ಇರಬಹುದಲ್ಲ ಅವ್ವಾ. ಮಾರುವವಳನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು."

"ಆಗುತ್ತಿತ್ತು. ಆದರೆ ಕೇಳಿದರೆ ತಿಳಿದುಬಿಡುತ್ತದಲ್ಲಪ್ಪ. ಅವನಿಗೆ ಬೇಕಾದದ್ದು ತಿಳಿವಲ್ಲ, ಬೇಟೆ" ಎಂದು ಅವ್ವ ಕತೆ ಮುಂದುವರಿಸಿದಳು.

ಮೀನುಗಾರ ಜ್ವರವೆಂದು ಹೊದ್ದು ಮಲಗಿದ. ತಾನು ಏಳುವವರೆಗೆ ದೋಣಿ ಇಳಿಸುವುದು ಬೇಡ ಎಂದು ಭಾವಮೈದುನನಿಗೆ ಹೇಳಿಕಳಿಸಿದ. ಸುಳ್ಳುಮೀನುಗಳ ಪೆಟ್ಟಿಗೆಯನ್ನು ಬೇಕೆಂದೇ ದೋಣಿಯಲ್ಲಿ ಬಿಟ್ಟಿದ್ದ. ಮರುದಿನ ನೀರು ಇಳಿಯುವ ಹೊತ್ತಿಗೆ ಎದ್ದು ಹೋಗಿ ಸೇತುವೆಯ ಬಳಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕೆಸರಿನಲ್ಲಿ ಅಡಗಿ ಕುಳಿತ.

ದೋಣಿ ಬಂತು. ಭಾವಮೈದುನ ಅದನ್ನು ನೇರವಾಗಿ ಕಲ್ಲುಗಳ ಹತ್ತಿರ ತಂದು ಕಟ್ಟಿ, ಸೊಂಟಮಟ್ಟದ ನೀರಿಗೆ ಇಳಿದು, ಬಗ್ಗಿ ಸಂದಿಯೊಳಗೆ ಕೈಹಾಕಿದ. ಮೀನುಗಾರನ ಎದೆ ಹಿಗ್ಗಿತು. ಕಚ್ಚಿತು ಎಂದುಕೊಂಡ. ಕೆಸರು ಮೆತ್ತಿಕೊಂಡೇ ಎದ್ದು ನಿಂತು ಕಳ್ಳಾ ಎಂದು ಕರೆದ.

ಭಾವಮೈದುನ ಕೈಗಳನ್ನು ಮೇಲೆತ್ತಿದ. ಮೀನಿರಲಿಲ್ಲ. ಕಲ್ಲಿಗಂಟಿದ ಚಿಪ್ಪುಗಳು ಕೊಯ್ದು ಎರಡೂ ಅಂಗೈಯಲ್ಲಿ ರಕ್ತವಿತ್ತು. ಕಳೆದುಹೋದ ಸುಳ್ಳುಮೀನು ಸಿಕ್ಕಿದರೆ ಭಾವನ ಜ್ವರವಾದರೂ ಇಳಿದೀತು ಎಂದು ಹುಡುಕಲು ಬಂದಿದ್ದ. ಕೆಸರಿನಲ್ಲಿ ನಿಂತವನಿಗೆ ಜ್ವರವೇನೂ ಇಲ್ಲವೆಂದು ಅವನು ಕಂಡ.

"ಹೊಳೆಯ ಸೆಳೆತಕ್ಕೆ ದೋಣಿ ಹಿಡಿದು ನಿಲ್ಲಿಸಬಲ್ಲೆ ಭಾವ. ನಿಮ್ಮ ಮನಸ್ಸಿನ ಸೆಳೆತಕ್ಕೆ ನನ್ನ ಗಳ ಸಾಲದು" ಎಂದು ಗಳವನ್ನು ದೋಣಿಯಲ್ಲಿ ಮಲಗಿಸಿ, ದಡ ಹತ್ತಿ ಹೋದ. ಮತ್ತೆ ಬರಲಿಲ್ಲ.

ಅಂದು ಸಂಜೆ ಮೀನು ಮಾರುವವಳು ಮನೆಗೆ ಬಂದು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಅವನ ಸುಳ್ಳುಮೀನು. ಅವಳ ಗಂಡನ ಬಲೆಗೆ ಬಿದ್ದ ಕೆಂಬೇರಿಯ ತುಟಿಯಲ್ಲಿ ಅದು ನೇತಾಡುತ್ತಿತ್ತಂತೆ. ಪೇಟೆಯಲ್ಲೇ ಕೊಡೋಣವೆಂದರೆ, ಮೀನಿನ ಬಾಯಿ ನೋಡಿದವನು ತನ್ನ ಮುಖ ನೋಡದೆ ನಡೆದುಬಿಟ್ಟನಂತೆ.

ಮೀನುಗಾರ ಆಮೇಲೆ ಒಬ್ಬನೇ ಹೊಳೆಗೆ ಹೋಗುತ್ತಿದ್ದ. ಗಾಳ ಎಸೆದರೆ ದೋಣಿ ತೇಲುತ್ತಿತ್ತು. ಗಳ ಹಿಡಿದರೆ ಗಾಳ ಸುಮ್ಮನಿರುತ್ತಿತ್ತು.

ಅವ್ವ ಕತೆ ನಿಲ್ಲಿಸಿದಳು. ಹೊರಗೆ ಹೊಸಬ ಅಂಗಳ ಗುಡಿಸುವ ಸದ್ದು ಕೇಳುತ್ತಿತ್ತು. ಅಡಿವೆಪ್ಪ ಹೇಳಿದ: "ಆ ಮೀನುಗಾರ ಕಂಡದ್ದು ತನ್ನದೇ ಗಾಳದ ಗಾಯ, ಅವನು ದಡ್ಡ. ನಾನು ಕಂಡದ್ದು ಹಾಗಲ್ಲ, ಹೊರಗೆ ಬಂದವನ ಸ್ಪಷ್ಟವಾದ ಹೆಜ್ಜೆ."

ಅವ್ವ ಕೇಳಿದಳು: "ಒಳಗೆ ಹೋದ ಹೆಜ್ಜೆ ಇಲ್ಲ, ಹೊರಗೆ ಬಂದದ್ದೊಂದೇ ಇದೆ ಎನ್ನುತ್ತೀ, ಹಿಟ್ಟು ಚೆಲ್ಲಿ ಹೊರಗೆ ಬಂದವರು ಯಾರು, ಅಡಿವೆಪ್ಪ?"