ಕೌದಿ ಕಂಡು ಇಳಿದ ಕಲ್ಮೇಶಪ್ಪ

ಬಹಳ ಹಿಂದಿನ ಮಾತು. ನಮ್ಮಜ್ಜಿಗೂ ಅದು ಕೇಳಿದ ಮಾತೇ. ಎರೆಭೂಮಿಯ ನಡುವೆ ಒಂದು ಊರು, ಅಂದರೆ ಇದೇ ನಮ್ಮೂರು. ಇಲ್ಲಿ ಕಲ್ಮೇಶಪ್ಪ ಅಂತ ಒಬ್ಬನಿದ್ದ. ಹಿಟ್ಟಿನ ಗಿರಣಿಯ ಇಂಜಿನ್ ಕೆಟ್ಟರೆ ಕಿವಿಗೊಟ್ಟು ಕೇಳಿಯೇ ಅದರ ರೋಗ ಹೇಳುತ್ತಿದ್ದನಂತೆ. ನಗಬೇಡಿ, ನಿಮ್ಮಲ್ಲಿ ಯಾರಿಗೆ ಬರುತ್ತದೆ ಆ ವಿದ್ಯೆ?

ಅವನು ದೂರದ ಶಹರಕ್ಕೆ ಹೋಗಿ, ವಿಮಾನ ರಿಪೇರಿಯ ಶೆಡ್ಡಿನಲ್ಲಿ ಹನ್ನೆರಡು ವರ್ಷ ದುಡಿದ. ಹಾರಿಸುವುದನ್ನೂ ಅಲ್ಲೇ ಕಲಿತ. ಕೊನೆಗೆ ಸಾಹುಕಾರನೊಬ್ಬ ಮೂಲೆಗೆ ತಳ್ಳಿದ್ದ ಎರಡು ಸೀಟಿನ ಪುಟ್ಟ ವಿಮಾನವನ್ನು ಕೊಂಡುಕೊಂಡ. ಅವ್ವ ಫಕೀರವ್ವನಿಗೆ ಕಾಗದ ಬರೆದ: ಮೆಣಸಿನಕಾಯಿ ಸುಗ್ಗಿಯಲ್ಲಿ ಹಾರಿ ಬರುತ್ತೇನೆ, ಊರ ಮುಂದಿನ ಬಯಲು ಹಸನು ಮಾಡಿಸು, ಮಾಳಿಗೆಯ ಮೇಲೆ ಒಣಹಾಕಿದ ಕೆಂಪು ಕಾಯಿ ನೋಡಿ ಊರ ಗುರುತು ಹಿಡಿಯುತ್ತೇನೆ, ನಿನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕುತ್ತೇನೆ ಅಂತ.

ಕಾಗದ ಓದಿದ ಮಾಸ್ತರರೇ ನಕ್ಕರಂತೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಅಂದವರೂ ಇದ್ದರು. ಆದರೂ ಊರವರು ಬಯಲಿನ ಬಿರುಕಿಗೆಲ್ಲ ಎರೆಮಣ್ಣು ತುಂಬಿ, ಮೇಲೆ ಉರುಳುಗಲ್ಲು ಎಳೆದು ಸಮ ಮಾಡಿದರು. ಬಿರುಕಿನಲ್ಲಿ ಗಾಲಿ ಸಿಕ್ಕರೆ ವಿಮಾನವೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ.

ಹೇಳಿದ ದಿನ, ಹೇಳಿದ ಹೊತ್ತಿಗೆ ಗುಂಯ್ ಅಂತ ಸದ್ದು ಬಂತು. ಊರೆಲ್ಲ ಕೇಕೆ ಹಾಕಿತು. ವಿಮಾನ ನೆತ್ತಿಯ ಮೇಲೆ ಹಾದು ಪಕ್ಕದೂರಿನ ಕಡೆ ಹೋಯಿತು. ತಿರುಗಿ ಬಂತು, ಮತ್ತೆ ದಾಟಿ ಹೋಯಿತು. ಸುಗ್ಗಿಯಲ್ಲಿ ಸುತ್ತಲ ಹನ್ನೆರಡು ಊರ ಮಾಳಿಗೆಯೂ ಕೆಂಪೇ ಅಲ್ಲವೆ! ಇಂಜಿನ್ನಿನ ರೋಗ ತಿಳಿಯುವವನಿಗೆ ಇದೊಂದು ಹೊಳೆದಿರಲಿಲ್ಲ. ಬೇರೆ ಊರಿನ ಬಯಲೆಲ್ಲ ಬಿರುಕು, ವಿಮಾನದಲ್ಲಿ ಎಣ್ಣೆ ಅಳತೆಯದು.

ಅವ್ವನಿಗೆ ಹೊಳೆಯಿತು.

"ಯವ್ವಾ, ಎಲ್ಲಾ ಊರೂ ಕೆಂಪಗ ಅದಾವು, ನನ್ನ ಮಗಗ ನಮ್ಮೂರು ಹೆಂಗ ತಿಳೀಬೇಕು? ಮನ್ಯಾಗಿನ ಕೌದಿ ತರ್ರೆವ್ವ, ಎಲ್ಲಾ ತರ್ರಿ!"

ಹರಿದ ಕೌದಿಯನ್ನು ನಾಲ್ಕು ಜನರೆದುರು ಹಾಸಲು ಯಾವ ಹೆಂಗಸಿಗಾದರೂ ನಾಚಿಕೆ. ಅವತ್ತು ಒಬ್ಬಳೂ ನಾಚಲಿಲ್ಲ ಅಂತಾರೆ. ತೇಪೆಯವು, ಕೂಸು ಉಚ್ಚೆ ಹೊಯ್ದವು, ಬಾಣಂತಿ ಹೊದ್ದವು, ಎಲ್ಲ ಬಂದವು. ಬಯಲಿನ ಎರಡೂ ಅಂಚಿಗೆ ಸಾಲಾಗಿ ಹಾಸಿದರು. ಸಾಲಿನ ತುದಿಗೆ ಫಕೀರವ್ವ ತನ್ನದನ್ನು ಹಾಸಿದಳು. ಅದರ ನಡುವೆ ತೀರಿಹೋದ ಗಂಡನ ಹಳದಿ ರುಮಾಲನ್ನು ಮಡಿಸಿ ಹೊಲಿದಿದ್ದಳು. ಕಲ್ಮೇಶಪ್ಪ ಊರು ಬಿಡುವವರೆಗೆ ಹೊದ್ದು ಮಲಗಿದ್ದು ಅದನ್ನೇ.

ಮೂರನೇ ಸಲ ಬಂದ ವಿಮಾನ ರೆಕ್ಕೆ ಓರೆ ಮಾಡಿತು. ಎರಡು ಸಾಲಿನ ನಡುವೆ ಇಳಿದು, ಓಡಿ, ಹಳದಿ ಕೌದಿಯ ಅಂಚಿಗೆ ಬಂದು ನಿಂತಿತು. ಚಮಚೆಯಷ್ಟು ಎಣ್ಣೆ ಉಳಿದಿತ್ತು ಅಂತಾರೆ ಕೆಲವರು. ಇಂಜಿನ್ ಆಕಾಶದಲ್ಲೇ ನಿಂತಿತ್ತು ಅನ್ನುತ್ತಿದ್ದಳು ನಮ್ಮಜ್ಜಿ. ನಾನು ಅಜ್ಜಿಯ ಕಡೆ. ಕಲ್ಮೇಶಪ್ಪ ಕೆಳಗಿಳಿದು, ಅಪ್ಪನ ರುಮಾಲಿನ ಮೇಲೆ ಮುಖವಿಟ್ಟು ಅತ್ತನಂತೆ.

ಚಕ್ಕಡಿಯಲ್ಲಿ ಎಣ್ಣೆ ತರಿಸಿದ ಮೇಲೆ ಫಕೀರವ್ವ ಆ ಕೌದಿಯನ್ನೇ ಹೊದ್ದು ವಿಮಾನ ಹತ್ತಿದಳು. ಹನ್ನೆರಡು ಊರಲ್ಲಿ ಮೊದಲು ಆಕಾಶ ಕಂಡವಳು ನಮ್ಮೂರ ಮುದುಕಿ, ತಿಳೀತೇ?

ಅದಕ್ಕೇ ಇವತ್ತಿಗೂ ನಮ್ಮೂರಲ್ಲಿ ಮಾಳಿಗೆಯ ಮೇಲೆ ಮೊದಲು ಕೌದಿ, ಆಮೇಲೆ ಮೆಣಸಿನಕಾಯಿ. ಹೊಸದಾಗಿ ಬಂದ ಸೊಸೆಯರು ಮೊದಲ ವರ್ಷ ನಗುತ್ತಾರೆ, ಮರುವರ್ಷ ತಾವೇ ಹಾಸುತ್ತಾರೆ. ಈಗಿನ ವಿಮಾನಗಳು ಬಹಳ ಎತ್ತರ ಹೋಗುತ್ತವೆ, ಅವಕ್ಕೆ ಕಾಣುವುದಿಲ್ಲ ಅಂತ ನನಗೂ ಗೊತ್ತು. ಆದರೂ ಹಾಸುತ್ತೇವೆ. ಮನೆಯಲ್ಲಿ ಎಷ್ಟು ಹೊಸವಿದ್ದರೂ, ಹರಿದದ್ದನ್ನೇ ಹುಡುಕಿ ಹಾಸುತ್ತೇವೆ.