ಗೆದ್ದವನ ಮೈಮೇಲಿನ ಮಣ್ಣು

“ಬುದ್ಧೀ, ಮಠದಲ್ಲಿರುವವನು ಮಠದ ಮಾತನ್ನಷ್ಟೇ ಆಡಬೇಕಲ್ಲವೇ? ಊರಾಚೆಯ ಉಸಾಬರಿ ಅವನಿಗೇಕೆ?”

ಹೀಗೆ ಕೇಳಿದವನು ಗುರುಪಾದ, ಮಠದ ಶಿಷ್ಯರಲ್ಲಿ ಎಲ್ಲರಿಗಿಂತ ಮೊದಲು ಬಂದವನು. ಯಾರ ವಿಷಯ ಎಂದು ಸ್ವಾಮಿಗಳು ಕೇಳಿದರು. ಗುರುಪಾದ ಕಿರಿಯ ಶಿಷ್ಯ ಸಂಗಯ್ಯನ ಹೆಸರು ಹೇಳಿದ. ಹಿಂದಿನ ದಿನದ ಪ್ರವಚನದಲ್ಲಿ ಸಂಗಯ್ಯ ಒಂದು ಮಾತು ಆಡಿದ್ದ. ಘಟ್ಟದಾಚೆಯ ರಾಜ್ಯದ ಗಾಣಗಳಲ್ಲಿ ಆಳುಗಳನ್ನು ಕೂಡಿಹಾಕಿ ದುಡಿಸುತ್ತಾರೆ, ಆ ಎಣ್ಣೆಯಿಂದ ದೇವರ ಮುಂದೆ ದೀಪ ಹಚ್ಚುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ ಎಂದಿದ್ದ. ಆ ಎಣ್ಣೆಯನ್ನು ತರಿಸಿ ಮಾರುವ ವರ್ತಕ ಮುಂದಿನ ಸಾಲಿನಲ್ಲೇ ಕುಳಿತಿದ್ದ. ಮಠದ ದೀಪಕ್ಕೂ ದಾಸೋಹದ ಒಗ್ಗರಣೆಗೂ ಎಣ್ಣೆ ಬರುವುದು ಅವನ ಅಂಗಡಿಯಿಂದ.

ವರ್ತಕ ಮುನಿದರೆ ದಾಸೋಹ ನಿಲ್ಲುತ್ತದೆ, ಉಣ್ಣಲು ಬರುವ ಬಡವರು ಎಲ್ಲಿಗೆ ಹೋಗಬೇಕು ಎಂದು ಗುರುಪಾದ ಮರುಗಿದ. ಸಂಗಯ್ಯನನ್ನು ಪ್ರವಚನದಿಂದ ಬಿಡಿಸಿ ದೂರದ ಶಾಖಾಮಠಕ್ಕೆ ಕಳಿಸಿದರೆ ಒಳ್ಳೆಯದು ಎಂದ. ತನಗೆ ಅವನ ಮೇಲೆ ಏನೂ ಇಲ್ಲವೆಂದ. ಅವನಿಗೆ ಅಕ್ಷರ ತಿದ್ದಿಸಿದವನು, ಸಭೆಯಲ್ಲಿ ದನಿ ಎಲ್ಲಿ ಏರಿಸಬೇಕು ಎಲ್ಲಿ ಇಳಿಸಬೇಕು ಎಂದು ಹೇಳಿಕೊಟ್ಟವನು ನಾನೇ ಎಂಬುದನ್ನು ಮಾತಿನ ನಡುವೆ ಮತ್ತೆ ಮತ್ತೆ ಸೇರಿಸಿದ.

ಸ್ವಾಮಿಗಳು ಎಲ್ಲವನ್ನೂ ಕೇಳಿದರು. “ಕೂತುಕೋ, ಒಂದು ಕತೆ ಹೇಳುತ್ತೇನೆ. ಜಟ್ಟಿಗಳ ಕತೆ. ನಿನಗೂ ಕುಸ್ತಿಗೂ ಸಂಬಂಧವಿಲ್ಲ, ಆರಾಮವಾಗಿ ಕೇಳು” ಎಂದು ಹೇಳತೊಡಗಿದರು.

ಒಂದು ಹೊಳೆ. ಹೊಳೆಯ ಈಚೆಗೊಂದು ರಾಜ್ಯ, ಆಚೆಗೊಂದು ರಾಜ್ಯ. ಆಚೆಯ ರಾಜ್ಯದಲ್ಲಿ ನೀಲಿಗಿಡ ಬೆಳೆಯುತ್ತಿದ್ದರು. ಈಚೆಯ ವರ್ತಕರು ಆ ನೀಲಿಯನ್ನು ಕೊಂಡು ಬಟ್ಟೆಗೆ ಬಣ್ಣ ಹಾಕಿಸಿ, ಅದೇ ಬಟ್ಟೆಯನ್ನು ಆಚೆಯವರಿಗೆ ಮಾರುತ್ತಿದ್ದರು. ಹೋಗುವಾಗಲೂ ಲಾಭ, ಬರುವಾಗಲೂ ಲಾಭ. ಹಾಗಾಗಿ ಈಚೆಯ ವರ್ತಕರಿಗೆ ಆಚೆಯ ಅರಸ ಬಹಳ ಒಳ್ಳೆಯವನಾಗಿ ಕಾಣುತ್ತಿದ್ದ.

ಈಚೆಯ ರಾಜಧಾನಿಯಲ್ಲಿ ಒಂದು ಗರಡಿ ಇತ್ತು. ಅದನ್ನು ನಡೆಸುತ್ತಿದ್ದವರು ಈ ವರ್ತಕರೇ. ಜಟ್ಟಿಗಳಿಗೆ ಹಾಲು, ತುಪ್ಪ, ಬಾದಾಮಿ ಎಲ್ಲವೂ ಅವರದು. ಅದಕ್ಕೆ ಬದಲಾಗಿ ಜಟ್ಟಿಗಳು ಮೆರವಣಿಗೆಯಲ್ಲಿ ನೀಲಿ ರುಮಾಲು ಸುತ್ತಿಕೊಂಡು ನಡೆಯಬೇಕಿತ್ತು. ಜಟ್ಟಿಯ ತಲೆ ಎಷ್ಟು ಎತ್ತರವೋ ಅಂಗಡಿಯ ಹೆಸರು ಅಷ್ಟು ಎತ್ತರ. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಹಾಲು ಕುಡಿದವರಿಗೂ ಕಂಡಿರಲಿಲ್ಲ.

ವರ್ಷಕ್ಕೊಮ್ಮೆ ಹೊಳೆಯ ನಡುಗಡ್ಡೆಯಲ್ಲಿ ಎರಡು ರಾಜ್ಯಗಳಿಗೂ ಕುಸ್ತಿ ನಡೆಯುತ್ತಿತ್ತು. ಅದಕ್ಕೊಂದು ಹಳೆಯ ಕಟ್ಟಳೆ ಇತ್ತು. ಗೆದ್ದವನ ಮೈಮೇಲೆ ಅಖಾಡದ ಮಣ್ಣು ಇರುವ ತನಕ ಅವನು ಏನು ಮಾತಾಡಿದರೂ ಎರಡೂ ಅರಸರು ಅವನಿಗೆ ಶಿಕ್ಷೆ ಕೊಡುವ ಹಾಗಿಲ್ಲ. ಆ ಮಣ್ಣನ್ನು ಹೊರಗಿನವರು ಮುಟ್ಟುವ ಹಾಗೂ ಇಲ್ಲ. ಗರಡಿಯಲ್ಲಿ ಅವನ ಜೋಡಿಯಾಗಿ ಸಾಮು ಮಾಡಿದ ಜಟ್ಟಿಯೊಬ್ಬನೇ ಅವನಿಗೆ ನೀರು ಹುಯ್ಯಬೇಕು. ಸಾಮಾನ್ಯವಾಗಿ ಗೆದ್ದವರು ಅರಸರನ್ನು ಹೊಗಳಿ, ಒಂದು ಎಮ್ಮೆಯನ್ನೋ ಒಂದು ತುಂಡು ಹೊಲವನ್ನೋ ಕೇಳಿ, ಬೇಗ ಸ್ನಾನಕ್ಕೆ ಹೋಗುತ್ತಿದ್ದರು. ಮೈ ಕಡಿಯುತ್ತದಲ್ಲ.

ಆ ಗರಡಿಯಲ್ಲಿ ಇಬ್ಬರು ಜೋಡಿ ಜಟ್ಟಿಗಳಿದ್ದರು. ಮೊದಲು ಗರಡಿಗೆ ಬಂದವನನ್ನು ಹಿರಿಯ ಜಟ್ಟಿ ಎನ್ನೋಣ, ಆಮೇಲೆ ಬಂದವನನ್ನು ಕಿರಿಯ ಜಟ್ಟಿ ಎನ್ನೋಣ. ಒಂದೇ ತಟ್ಟೆಯಲ್ಲಿ ಉಂಡವರು. ಬಲದಲ್ಲಿ ಹಿರಿಯನೇ ಹೆಚ್ಚು. ಆದರೆ ಪಟ್ಟುಗಳಲ್ಲಿ ಕಿರಿಯನ ಜಾಣ್ಮೆ ಹೆಚ್ಚು. ಹಿರಿಯನಿಗೆ ತನ್ನ ಒಂದು ಕಾಲ್ಪಟ್ಟನ್ನು ಅವನು ಪ್ರೀತಿಯಿಂದ ಕಲಿಸಿದ್ದ. ಆಗ ಪ್ರೀತಿ ಇತ್ತು. ಅದನ್ನು ಹೇಳದೆ ಬಿಟ್ಟರೆ ಕತೆ ಸುಳ್ಳಾಗುತ್ತದೆ.

ಆ ವರ್ಷ ಗರಡಿಯ ಗುರುವಾದ ಉಸ್ತಾದ ನಡುಗಡ್ಡೆಗೆ ಹಿರಿಯನನ್ನು ಆರಿಸಿದ. ಕಿರಿಯನಿಗೆ ನೋವಾಯಿತು, ನುಂಗಿಕೊಂಡ. ಹಿರಿಯ ಅದೇ ಕಾಲ್ಪಟ್ಟು ಹಾಕಿ ಆಚೆಯ ಜಟ್ಟಿಯನ್ನು ಚಿತ್ ಮಾಡಿದ. ಜನ ಕುಣಿದರು, ರುಮಾಲು ಹಾರಿಸಿದರು. ಅದು ನನ್ನ ಪಟ್ಟು ಎಂದು ಕಿರಿಯ ಪಕ್ಕದಲ್ಲಿದ್ದವನಿಗೆ ಹೇಳಿದ. ಪಕ್ಕದಲ್ಲಿದ್ದವನು ಕುಣಿಯುತ್ತಿದ್ದ, ಅವನಿಗೆ ಕೇಳಿಸಲಿಲ್ಲ. ಅದನ್ನೂ ಕಿರಿಯ ನುಂಗಿಕೊಂಡ.

ಕುಸ್ತಿಯ ನಡುವೆ ಒಂದು ಸಂಗತಿ ನಡೆದಿತ್ತು. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ತಲೆ ಒತ್ತಿ ನಿಂತಾಗ ಆಚೆಯ ಜಟ್ಟಿ ಹಿರಿಯನ ಕಿವಿಯಲ್ಲಿ ಮಾತಾಡಿದ್ದ. ನೀಲಿ ಬೆಳೆಯುವುದಕ್ಕೆಂದು ಅರಸ ಗುಡ್ಡದ ಊರುಗಳನ್ನೆಲ್ಲ ಎಬ್ಬಿಸಿದ್ದಾನೆ, ಒಪ್ಪದವರನ್ನು ನೀಲಿ ತೊಟ್ಟಿಗಳ ಪಕ್ಕದಲ್ಲಿ ಸರಪಳಿ ಹಾಕಿ ದುಡಿಸುತ್ತಿದ್ದಾನೆ, ನಾನು ಗೆದ್ದರೂ ಇದನ್ನು ಹೇಳುವ ಹಾಗಿಲ್ಲ, ನನ್ನ ಹೆಂಡತಿ ಮಕ್ಕಳು ಅಲ್ಲಿದ್ದಾರೆ, ನೀನು ಗೆದ್ದರೆ ಹೇಳು ಎಂದಿದ್ದ. ಕುಸ್ತಿಯಲ್ಲಿ ಅಷ್ಟು ಹತ್ತಿರ ಬಂದವರು ಏನು ಮಾತಾಡಿದರು ಎಂದು ನೋಡುವವರಿಗೆ ತಿಳಿಯುವುದಿಲ್ಲ.

ಹಿರಿಯ ಜಟ್ಟಿ ಎದ್ದು ನಿಂತು ಅದನ್ನೇ ಹೇಳಿದ. ಯಾರು ತಿಳಿಸಿದರೆಂದು ಮಾತ್ರ ಹೇಳಲಿಲ್ಲ. ತನ್ನ ನೀಲಿ ರುಮಾಲನ್ನು ತೆಗೆದು ಎರಡೂ ಅರಸರ ನಡುವೆ ನೆಲದ ಮೇಲಿಟ್ಟ. ಆ ಜನರನ್ನು ಬಿಡುವ ತನಕ ನಾನು ಸ್ನಾನ ಮಾಡುವುದಿಲ್ಲ ಎಂದ.

ನಡುಗಡ್ಡೆ ಸದ್ದಿಲ್ಲದೆ ನಿಂತಿತು. ಹೊಳೆಯ ನೀರಿನ ಸಪ್ಪಳ ಕೇಳುತ್ತಿತ್ತು. ಗೆದ್ದಾಗ ಜನ ಕೂಗಿದ್ದನ್ನು ಕಿರಿಯ ಸಹಿಸಿದ್ದ. ಮಾತಾಡಿದಾಗ ಜನ ಸುಮ್ಮನಾದದ್ದನ್ನು ಸಹಿಸಲು ಅವನಿಂದ ಆಗಲಿಲ್ಲ. ಕೂಗಿಸುವುದು ಪಟ್ಟಿನಿಂದ ಆಗುತ್ತದೆ, ಅದು ತನಗೂ ಗೊತ್ತು. ಸುಮ್ಮನಾಗಿಸುವುದು ಯಾವುದರಿಂದ ಆಗುತ್ತದೋ ಅದು ಅವನಿಗೆ ಗೊತ್ತಿರಲಿಲ್ಲ. ಹೊಟ್ಟೆ ಉರಿಯುವುದು ಎನ್ನುತ್ತೇವಲ್ಲ, ಅಂದು ಅವನಿಗೆ ನಿಜವಾಗಿ ಊಟ ಸೇರಲಿಲ್ಲ.

ಹಿರಿಯ ಜಟ್ಟಿ ಗರಡಿಗೆ ಬಂದು ಜಗಲಿಯ ಮೇಲೆ ಕುಳಿತ. ಮೈಮೇಲೆ ಮಣ್ಣು ಒಣಗಿತು. ದಿನವೂ ಜನ ಬರತೊಡಗಿದರು. ಅವನು ಹೆಚ್ಚು ಮಾತಾಡುವವನಲ್ಲ. ಕೇಳಿದವರಿಗೆ ಅದನ್ನೇ ಹೇಳುತ್ತಿದ್ದ. ಕೇಳಿದವರು ಹೊರಗೆ ಹೋಗುವಾಗ ತಲೆಯ ಮೇಲಿನ ನೀಲಿ ರುಮಾಲನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಒಂದು ದಿನ ಕಿರಿಯನ ತಾಯಿಯೂ ಬಂದಳು. ಚೆಂಬಿನಲ್ಲಿ ಮಜ್ಜಿಗೆ ತಂದು ಹಿರಿಯನ ಮುಂದಿಟ್ಟು, ಸೆರಗು ಹೊದ್ದು ನಿಂತು ಅವನ ಮಾತು ಕೇಳಿದಳು. ಮಗ ಬಾಗಿಲಲ್ಲೇ ನಿಂತಿದ್ದ. ತಾಯಿ ಅವನನ್ನು ನೋಡಲಿಲ್ಲ. ನೋಡಬಾರದೆಂದಲ್ಲ, ಕೇಳುವುದರಲ್ಲಿ ಮುಳುಗಿದ್ದಳು. ಅವನಿಗೆ ಅದೇ ಹೆಚ್ಚು ಉರಿಯಿತು.

ಆಚೆಯ ಅರಸ ಸಿಟ್ಟಾದ. ಆ ಜಟ್ಟಿಯ ಬಾಯಿ ಮುಚ್ಚಿಸುವ ತನಕ ನಿಮ್ಮ ಬಟ್ಟೆ ನಮ್ಮ ದೋಣಿ ಕಡವು ದಾಟುವಂತಿಲ್ಲ ಎಂದು ಹೇಳಿಕಳಿಸಿದ. ವರ್ತಕರು ಈಚೆಯ ಅರಸನ ಬಳಿಗೆ ಓಡಿದರು. ಅರಸನಿಗೂ ವ್ಯಾಪಾರ ಬೇಕಿತ್ತು. ಆದರೆ ಕಟ್ಟಳೆ ಅವನ ಅಜ್ಜ ಮಾಡಿದ್ದು, ಮುರಿದರೆ ಜನ ನಗುತ್ತಾರೆ. ಮಣ್ಣು ಇರುವ ತನಕ ನನ್ನ ಕೈ ಕಟ್ಟಿದೆ, ಮಣ್ಣು ಹೋದ ಮೇಲೆ ಬನ್ನಿ ಎಂದುಬಿಟ್ಟ.

ಆಗ ವರ್ತಕರ ಮುಖಂಡನೊಬ್ಬ ಗರಡಿಗೆ ಬಂದ. ಹಿರಿಯ ಜಟ್ಟಿಯ ಎದುರು ಕುಳಿತು ತನ್ನ ಕಷ್ಟವನ್ನೆಲ್ಲ ತೋಡಿಕೊಂಡ. ಜಟ್ಟಿ ಅವನ ಮಾತನ್ನು ಮರ್ಯಾದೆಯಿಂದ ಕೇಳಿದ, ತನ್ನ ಮಾತನ್ನು ಬಿಡಲಿಲ್ಲ. ವರ್ತಕ ನಿಟ್ಟುಸಿರು ಬಿಟ್ಟು ಎದ್ದ. ಗುಡ್ಡದ ದಾರಿ ಹಿಡಿದು ಮೂಡಣ ದೇಶಕ್ಕೆ ಬಟ್ಟೆ ಸಾಗಿಸಬೇಕು, ಲಾಭ ಕಡಿಮೆ, ಏನು ಮಾಡುವುದು ಎಂದು ಜೊತೆಯವರಿಗೆ ಹೇಳುತ್ತ ಹೊರಟ. ಗುರುಪಾದ, ಇದನ್ನು ಗಮನವಿಟ್ಟು ಕೇಳು. ಅವನು ಹೊರಟಿದ್ದ. ವರ್ತಕನಿಗೆ ದಾರಿ ಮುಚ್ಚಿದರೆ ಇನ್ನೊಂದು ದಾರಿ ಹುಡುಕುತ್ತಾನೆ, ಅವನ ಕಸುಬೇ ಅದು.

ಕಿರಿಯ ಜಟ್ಟಿ ಅವನ ಹಿಂದೆಯೇ ಬೀದಿಯ ತನಕ ಹೋದ.

“ಅವನಿಗೆ ನೀರು ಹುಯ್ಯುವ ಹಕ್ಕು ನನ್ನದು” ಎಂದ.

ವರ್ತಕ ನಿಂತ. “ನಾವು ಅದನ್ನು ಕೇಳಲಿಲ್ಲವಲ್ಲಪ್ಪ” ಎಂದ.

“ನೀವು ಕೇಳದಿದ್ದರೂ ನಾನು ಯೋಚನೆ ಮಾಡಬೇಕಲ್ಲ. ನಾಳೆ ಹಾಲು ನಿಂತರೆ ಗರಡಿಯ ಗತಿ ಏನು?”

ಹಾಲು ನಿಲ್ಲಿಸುತ್ತೇವೆಂದು ವರ್ತಕ ಹೇಳಿರಲಿಲ್ಲ. ಅದು ಅವನ ತಲೆಗೆ ಹೊಳೆದೂ ಇರಲಿಲ್ಲ. ಈಗ ಹೊಳೆಯಿತು. ಅವನು ಕಿರಿಯನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನೀನು ಗರಡಿಯ ಹಿತ ಬಲ್ಲವನು ಎಂದು ಹೊಗಳಿ, ನೇರವಾಗಿ ಅರಮನೆಗೆ ಹೋದ.

ಮಣ್ಣು ಒಣಗಿ ಬಿಗಿದು ಹಿರಿಯನ ಚರ್ಮ ಒಡೆದಿತ್ತು. ಬೆನ್ನಲ್ಲಿ ರಕ್ತ ಒಸರುತ್ತಿತ್ತು. ವೈದ್ಯ ಬಂದರೂ ಅವನು ಮುಟ್ಟಗೊಡಲಿಲ್ಲ. ಕಿರಿಯ ಎಣ್ಣೆ ಬಟ್ಟಲು ಹಿಡಿದು ಬಂದು, ಒಡೆದ ಕಡೆ ಅಷ್ಟೇ ಹಚ್ಚುತ್ತೇನೆ, ತಿರುಗಿ ಕೂತುಕೋ ಎಂದ. ಜಟ್ಟಿಯಾದವನು ಯಾರಿಗೂ ಬೆನ್ನು ಕೊಡುವುದಿಲ್ಲ. ಗರಡಿಯ ಮೊದಲ ಪಾಠವೇ ಅದು. ಹಿರಿಯ ಎರಡನೆಯ ಮಾತಿಲ್ಲದೆ ತಿರುಗಿ ಕುಳಿತ.

ಕಿರಿಯ ಬಾಗಿಲ ಮರೆಯಲ್ಲಿ ತುಂಬಿಸಿಟ್ಟಿದ್ದ ಹಂಡೆಯನ್ನು ಎತ್ತಿ ಅವನ ತಲೆಯ ಮೇಲೆ ಸುರಿದುಬಿಟ್ಟ.

ಕೆಂಪು ನೀರು ಜಗಲಿಯಿಂದ ಇಳಿದು ಅಂಗಳಕ್ಕೆ ಹರಿಯಿತು. ಹಿರಿಯ ಏಳಲಿಲ್ಲ, ಹೊಡೆಯಲಿಲ್ಲ. ತೊಳೆದುಹೋದ ತೋಳನ್ನು ನೋಡಿಕೊಂಡ.

“ಯಾರು ಹೇಳಿದರು?” ಎಂದು ಕೇಳಿದ.

ವರ್ತಕರು ಎನ್ನಬೇಕೆಂದು, ಇಲ್ಲವೆ ಅರಸರು ಎನ್ನಬೇಕೆಂದು ಕಿರಿಯ ಮೊದಲೇ ಯೋಚಿಸಿ ಇಟ್ಟುಕೊಂಡಿದ್ದ. ಆ ಹೊತ್ತಿಗೆ ಬಾಯಿಂದ ಬಂದದ್ದು ಬೇರೆ.

“ಯಾರೂ ಹೇಳಲಿಲ್ಲ” ಎಂದ.

ಹೊರಗೆ ಅರಸನ ಆಳುಗಳು ಕಾದಿದ್ದರು. ಹಿರಿಯನನ್ನು ಕಟ್ಟಿ ದೋಣಿಯಲ್ಲಿ ಕೂರಿಸಿ ಆಚೆಯ ಅರಸನಿಗೆ ಕಾಣಿಕೆಯಾಗಿ ಕಳಿಸಿದರು. ಕಡವು ತೆರೆಯಿತು. ಬಟ್ಟೆ ಹೋಯಿತು, ನೀಲಿ ಬಂತು. ಎರಡೂ ಅರಸರು ತಬ್ಬಿಕೊಂಡರು, ವರ್ತಕರು ಸಿಹಿ ಹಂಚಿದರು. ಗರಡಿಗೆ ಮೊದಲಿಗಿಂತ ಗಟ್ಟಿ ಹಾಲು ಬರತೊಡಗಿತು. ಹಿರಿಯ ಏನಾದನೆಂದು ಈಚೆಯವರಿಗೆ ತಿಳಿಯಲಿಲ್ಲ. ನೀಲಿ ತೊಟ್ಟಿಯ ಬಳಿ ಸರಪಳಿ ಹಾಕಿದವರಲ್ಲಿ ಒಬ್ಬ ಜಟ್ಟಿಯಂತೆ ಅಗಲ ಹೆಗಲಿನವನು ಇದ್ದಾನೆಂದು ಅಂಬಿಗರು ಹೇಳುತ್ತಿದ್ದರು. ಕಿರಿಯನ ತಾಯಿ ಅದನ್ನು ಕೇಳಿದ ಮೇಲೆ ಮಗನ ಜೊತೆ ಮಾತು ಕಡಿಮೆ ಮಾಡಿದಳು. ಅನ್ನ ಬಡಿಸುತ್ತಿದ್ದಳು, ಸಾಕೇ ಎಂದು ಕೇಳುತ್ತಿರಲಿಲ್ಲ.

ಮರುವರ್ಷ ನಡುಗಡ್ಡೆಗೆ ಕಿರಿಯ ಜಟ್ಟಿ ಹೋದ. ಹೋಗಲು ಬೇರೆ ಯಾರೂ ಇರಲಿಲ್ಲ. ಚೆನ್ನಾಗಿ ಆಡಿದ, ಗೆದ್ದ. ಅವನ ಆಟದಲ್ಲಿ ಹುಳುಕಿಲ್ಲ, ಅದನ್ನೂ ಹೇಳಬೇಕು. ಮೈತುಂಬ ಮಣ್ಣು ಹೊತ್ತು ಎದ್ದು ನಿಂತ. ಇಡೀ ವರ್ಷ ಅವನು ಕಾದದ್ದು ಈ ಗಳಿಗೆಗೆ. ತಾನು ನಿಂತ ಕೂಡಲೇ ಆ ಮೌನ ಬರುತ್ತದೆ, ಆಗ ಮಾತು ತಾನಾಗಿ ಬರುತ್ತದೆ ಎಂದುಕೊಂಡಿದ್ದ. ಅವನು ಬಾಯಿ ತೆರೆದ. ಜನ ಎದ್ದು ಪಂಚೆ ಕೊಡವಿಕೊಂಡರು. ಕೆಲವರು ದೋಣಿಗೆ ಹೊರಟರು, ಕೆಲವರು ಬುತ್ತಿ ಬಿಚ್ಚಿದರು. ಅವನು ಏನೋ ಹೇಳಿದ. ಏನು ಹೇಳಿದನೆಂದು ನೆನಪಿಟ್ಟುಕೊಂಡವರು ಯಾರೂ ಇಲ್ಲ, ಹಾಗಾಗಿ ಕತೆಯಲ್ಲಿ ಅದು ಉಳಿದಿಲ್ಲ.

ಗರಡಿಗೆ ಮರಳಿ ಬಂದು ಸ್ನಾನಕ್ಕೆ ಕುಳಿತ. ಉಸ್ತಾದ ಅವನಿಗೆ ಹೊಸ ಜೋಡಿಯೊಬ್ಬನನ್ನು ಗೊತ್ತುಮಾಡಿದ್ದ. ಒಳ್ಳೆಯವನು, ತನ್ನ ಪಾಡಿಗೆ ತಾನಿರುವವನು. ಅವನು ಬಿಸಿನೀರಿನ ಚೆಂಬು ಹಿಡಿದು ಹಿಂದೆ ಬಂದು ನಿಂತ. ಕಿರಿಯ ಸರಕ್ಕನೆ ತಿರುಗಿದ. ಅವನು ಮತ್ತೆ ಹಿಂದೆ ಹೋದ, ಕಿರಿಯ ಮತ್ತೆ ತಿರುಗಿದ. ಕೊನೆಗೆ ಚೆಂಬು ಅಲ್ಲಿಟ್ಟು ಹೋಗು ಎಂದು ಗದರಿದ. ಗೋಡೆಗೆ ಬೆನ್ನು ಒತ್ತಿ ಕುಳಿತ. ನೀರು ಆರಿತು. ಮೈಮೇಲಿನ ಮಣ್ಣು ಒಣಗಿ ಬಿಗಿಯತೊಡಗಿತು. ಈಗ ಅವನು ಏನು ಬೇಕಾದರೂ ಮಾತಾಡಬಹುದಿತ್ತು, ಯಾವ ಅರಸನೂ ತಡೆಯುತ್ತಿರಲಿಲ್ಲ.

ಸ್ವಾಮಿಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಗುರುಪಾದ ಕೈ ಮುಗಿದ. ಆಮೇಲೆ, ವರ್ತಕರ ಆಸೆಯೇ ಇಷ್ಟಕ್ಕೆಲ್ಲ ಕಾರಣವಲ್ಲವೇ ಬುದ್ಧೀ, ನಾನು ಹೇಳಿದ್ದೂ ಅದನ್ನೇ, ಆ ಎಣ್ಣೆ ವರ್ತಕನ ಸಿಟ್ಟಿಗೆ ಹೆದರಿ ತಾನೆ ನಾನು ನಿಮ್ಮ ಬಳಿಗೆ ಬಂದದ್ದು ಎಂದ.

“ಎಣ್ಣೆ ವರ್ತಕ ಇನ್ನೂ ನನ್ನ ಹತ್ತಿರ ಬಂದಿಲ್ಲ, ಗುರುಪಾದ; ನೀನು ಬಂದಿದ್ದೀಯೆ.”